ಸಂತೆ ನಿಂತಾಗ, ಗೋಡೆ ಕುಸಿದಾಗ: ಪುರಸಭೆಯ ಕಾಗದಕ್ಕೂ ಪರಿಹಾರಕ್ಕೂ ಇರುವ ನಂಟು

2021ರ ಮೇ 19ರಂದು, ಕೋವಿಡ್ ಎರಡನೇ ಅಲೆಯ ಲಾಕ್‌ಡೌನ್ ನಡುವೆ, ರಾಜ್ಯ ಸರ್ಕಾರ ₹1,250 ಕೋಟಿಯ ಪ್ಯಾಕೇಜ್ ಘೋಷಿಸಿತು. ಬೀದಿಬದಿ ವ್ಯಾಪಾರಿಗಳಿಗೆ ತಲಾ ₹2,000, ಕಟ್ಟಡ ಕಾರ್ಮಿಕರಿಗೆ ತಲಾ ₹3,000. ಎರಡಕ್ಕೂ ಒಂದೇ ಷರತ್ತು: ಹೆಸರು ಮೊದಲೇ ನೋಂದಣಿಯಾಗಿರಬೇಕು. ಹಾಗಾಗಿ ಒಂದೇ ಸಂತೆಯಲ್ಲಿ ಮಗ್ಗುಲು ಮಗ್ಗುಲಲ್ಲಿ ಕೂತು ಸೊಪ್ಪು ಮಾರುವ ಇಬ್ಬರಲ್ಲಿ ಒಬ್ಬರ ಖಾತೆಗೆ ದುಡ್ಡು ಬಿತ್ತು, ಇನ್ನೊಬ್ಬರಿಗೆ ಬೀಳಲಿಲ್ಲ. ಇಬ್ಬರ ಬಡತನವೂ ಒಂದೇ, ಇಬ್ಬರ ನಷ್ಟವೂ ಒಂದೇ. ವ್ಯತ್ಯಾಸ ಇದ್ದದ್ದು ಪುರಸಭೆಯ ಪಟ್ಟಿಯಲ್ಲಿ.

ಬರ, ನೆರೆ, ಲಾಕ್‌ಡೌನ್, ಯಾವುದೇ ಬರಲಿ, ಸರ್ಕಾರದ ನೆರವು ಕೆಳಗಿಳಿಯುವುದು ಪಟ್ಟಿಯ ಮೂಲಕ. ಆ ಪಟ್ಟಿಗಳು ಕಷ್ಟ ಬಂದ ದಿನ ಹುಟ್ಟುವುದಿಲ್ಲ. ಅದಕ್ಕೂ ಮುಂಚೆ, ಯಾರಿಗೂ ಅವಸರವಿಲ್ಲದ ದಿನಗಳಲ್ಲಿ ಕೊಟ್ಟ ಪರವಾನಗಿ, ಆಸ್ತಿ ಖಾತೆ, ಪ್ರಮಾಣಪತ್ರಗಳಿಂದ ಅವು ತಯಾರಾಗಿರುತ್ತವೆ. ಸಣ್ಣ ಊರುಗಳಲ್ಲಿ ಈ ಕಾಗದಗಳಲ್ಲಿ ಬಹುಪಾಲು ಕೊಡುವುದು ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಯಾವ ಕಾಗದ ಯಾವ ನೆರವಿಗೆ ಬಾಗಿಲು, ಅದನ್ನು ಪಡೆಯುವುದು ಹೇಗೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಯಾವ ಕಚೇರಿ, ಯಾರ ಟೇಬಲ್

ಕರ್ನಾಟಕದಲ್ಲಿ ಸುಮಾರು 10,000ದಿಂದ 20,000 ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, 20,000ದಿಂದ 50,000ದವರೆಗೆ ಪುರಸಭೆ, ಅದರ ಮೇಲೆ 3 ಲಕ್ಷದವರೆಗೆ ನಗರಸಭೆ ಇರುತ್ತದೆ. ಮೂರನ್ನೂ ನಡೆಸುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ. ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯ ಆಡಳಿತದ ಮುಖ್ಯಸ್ಥರು ಮುಖ್ಯಾಧಿಕಾರಿ. ನಗರಸಭೆಯಲ್ಲಿ ಅವರಿಗೆ ಪೌರಾಯುಕ್ತರು ಎನ್ನುತ್ತಾರೆ. ಚುನಾಯಿತ ಸದಸ್ಯರು ಸಭೆಯಲ್ಲಿ ಠರಾವು ಮಾಡುತ್ತಾರೆ. ಸದಸ್ಯರ ಅವಧಿ ಮುಗಿದು ಚುನಾವಣೆ ಆಗದಿದ್ದಾಗ ಅಥವಾ ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರಿನಲ್ಲಿ ಸಿಕ್ಕಿದಾಗ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಆ ಅಧಿಕಾರ ಚಲಾಯಿಸುತ್ತಾರೆ.

ಜನ ದಿನಾ ಮುಖ ನೋಡುವುದು ಮಾತ್ರ ಕೆಳಗಿನವರದು. ತೆರಿಗೆ ಮತ್ತು ಖಾತೆಗೆ ಕಂದಾಯ ಶಾಖೆ, ಅಲ್ಲಿನ ಕಂದಾಯ ನಿರೀಕ್ಷಕರು, ಬಿಲ್ ಕಲೆಕ್ಟರ್‌ಗಳು. ಅಂಗಡಿ ಪರವಾನಗಿಗೂ ಜನನ ಮರಣಕ್ಕೂ ಆರೋಗ್ಯ ನಿರೀಕ್ಷಕರು. ಮನೆ ಕಟ್ಟುವ ಪರವಾನಗಿಗೆ ಎಂಜಿನಿಯರ್. ಬೀದಿಬದಿ ವ್ಯಾಪಾರಿಗಳು, ಸ್ವಸಹಾಯ ಸಂಘಗಳಿಗೆ ಸಮುದಾಯ ಸಂಘಟಕರು.

ಪುರಸಭೆಗೆ ಸಂಬಂಧವೇ ಇಲ್ಲದ ಕೆಲಸಕ್ಕೆ ಅಲ್ಲಿ ಸಾಲು ನಿಲ್ಲುವವರು ತುಂಬಾ ಮಂದಿ. ವೃದ್ಧಾಪ್ಯ ವೇತನ, ₹1,200ರ ಸಂಧ್ಯಾ ಸುರಕ್ಷಾ, ₹800ರ ವಿಧವಾ ವೇತನ, ಅಂಗವಿಕಲರ ವೇತನ ಇವೆಲ್ಲ ಕಂದಾಯ ಇಲಾಖೆಯವು. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ, ಮಂಜೂರು ಮಾಡುವುದು ತಹಶೀಲ್ದಾರರು. ರೇಷನ್ ಕಾರ್ಡ್ ಆಹಾರ ಇಲಾಖೆಯದು. ಹಾಗಿದ್ದರೂ ಈ ಎಲ್ಲದಕ್ಕೂ ಬೇಕಾಗುವ ಯಾವುದಾದರೂ ಒಂದು ಕಾಗದ ಪುರಸಭೆಯಿಂದಲೇ ಬರಬೇಕಾಗಿರುತ್ತದೆ. ಗೊಂದಲ ಹುಟ್ಟುವುದು ಅಲ್ಲೇ.

ಕೈಯಲ್ಲಿ ದುಡ್ಡಿದ್ದರೂ ಕೊಡಲು ಬರುವುದಿಲ್ಲ ಏಕೆ

ಊರಿಗೆ ಬರ ಬಂದಿದೆ, ಪುರಸಭೆ ಖಾತೆಯಲ್ಲಿ ಕೋಟಿಗಟ್ಟಲೆ ಇದೆ, ಆದರೂ ಕೂಲಿ ಇಲ್ಲದ ಮನೆಗೆ ಸಾವಿರ ರೂಪಾಯಿ ಕೊಡಲಾರರು. ಕೇಳಿದರೆ 'ಅನುದಾನ ಬೇರೆ ಲೆಕ್ಕದ್ದು' ಎನ್ನುತ್ತಾರೆ. ಈ ಮಾತು ನೆಪದಂತೆ ಕೇಳಿಸುತ್ತದೆ, ಆದರೆ ಬಹಳ ಸಲ ನಿಜ.

ಅಡುಗೆಮನೆಯ ಡಬ್ಬಿಗಳನ್ನು ನೆನೆಯಿರಿ. ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಮಗಳ ಫೀಸು, ಇನ್ನೊಂದರಲ್ಲಿ ಚೀಟಿ ಹಣ. ಮನೆಯಲ್ಲಾದರೆ ತಾಯಿ ಒಂದರದ್ದು ಇನ್ನೊಂದಕ್ಕೆ ತೆಗೆದು ಹೇಗೋ ನಿಭಾಯಿಸುತ್ತಾಳೆ. ಪುರಸಭೆಯ ಡಬ್ಬಿಗಳಿಗೆ ಬೀಗ ಹಾಕಿರುತ್ತದೆ, ಬೀಗದ ಕೈ ಬೇರೆಯವರ ಹತ್ತಿರ ಇರುತ್ತದೆ. ಉದಾಹರಣೆಗೆ, 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಸಣ್ಣ ಮತ್ತು ಮಧ್ಯಮ ಊರುಗಳಿಗೆ ಬಂದ ಹಣದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಉಳಿದ ಶೇ 40ರಲ್ಲೂ ಸಂಬಳ ಕೊಡುವಂತಿರಲಿಲ್ಲ.

ಪುರಸಭೆ ಸ್ವಂತ ಕೈಯಿಂದ ಬಡವರಿಗೆ ನೇರವಾಗಿ ಕೊಡಬಹುದಾದ ಡಬ್ಬಿಗಳು ಮೂರಿವೆ. ಕಚೇರಿಯಲ್ಲಿ ಅವುಗಳನ್ನು ಸಂಖ್ಯೆಯಿಂದಲೇ ಕರೆಯುತ್ತಾರೆ. 'ಶೇ 24.10' ಎಂದರೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೀಸಲಿಟ್ಟ ಪಾಲು. 'ಶೇ 7.25' ಇತರ ವರ್ಗಗಳ ಬಡವರಿಗೆ. 'ಶೇ 5' ಅಂಗವಿಕಲರಿಗೆ. ತೆರಿಗೆ, ಬಾಡಿಗೆಯಂಥ ಸ್ವಂತ ಆದಾಯದಿಂದಲೂ ರಾಜ್ಯ ಹಣಕಾಸು ಆಯೋಗದ ಮುಕ್ತ ನಿಧಿಯಿಂದಲೂ ಈ ಪಾಲುಗಳನ್ನು ಎತ್ತಿಡಬೇಕು. ವಿದ್ಯಾರ್ಥಿಗಳ ಶುಲ್ಕ, ಚಿಕಿತ್ಸೆಯ ಖರ್ಚು, ಮನೆಯ ಚಾವಣಿ ದುರಸ್ತಿ, ಹೊಲಿಗೆ ಯಂತ್ರ, ಅಂಗವಿಕಲರ ಮೂರು ಚಕ್ರದ ವಾಹನ ಇಂಥವಕ್ಕೆ ಇದರಿಂದ ನೆರವು ಸಿಗುತ್ತದೆ.

ದಾರಿ ಹೀಗಿದೆ. ವರ್ಷದ ಆರಂಭದಲ್ಲಿ ಕ್ರಿಯಾ ಯೋಜನೆ, ಅಂದರೆ ಹಣವನ್ನು ಯಾವುದಕ್ಕೆ ಎಷ್ಟು ಖರ್ಚು ಮಾಡುವುದೆಂಬ ಪಟ್ಟಿ, ತಯಾರಾಗುತ್ತದೆ, ಸಭೆ ಒಪ್ಪುತ್ತದೆ, ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅನುಮೋದನೆ ಪಡೆದು ಬರುತ್ತದೆ. ಆಮೇಲೆ ಪುರಸಭೆ ಪ್ರಕಟಣೆ ಹೊರಡಿಸಿ ಅರ್ಜಿ ಕರೆಯುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸೇರಿಸಿ ಅರ್ಜಿ ಕೊಡಬೇಕು. ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಅನುಮೋದನೆ ತಡವಾಗಿ ವರ್ಷ ಮುಗಿಯುತ್ತಾ ಬಂದಿರುತ್ತದೆ. ಇನ್ನೊಂದು, ಪ್ರಕಟಣೆ ನೋಟಿಸ್ ಬೋರ್ಡಿನಲ್ಲಿ ಮಾತ್ರ ಇದ್ದು ಗಡುವು ಮುಗಿದ ಮೇಲೆ ಓಣಿಗೆ ಸುದ್ದಿ ತಲುಪುತ್ತದೆ. 'ಈ ವರ್ಷದ ಶೇ 7.25ರ ಕ್ರಿಯಾ ಯೋಜನೆಗೆ ಅನುಮೋದನೆ ಆಗಿದೆಯೇ, ಅರ್ಜಿ ಯಾವಾಗ ಕರೆಯುತ್ತೀರಿ' ಎಂದು ಸಂಖ್ಯೆ ಹಿಡಿದು ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ. 'ಏನಾದರೂ ಸ್ಕೀಮ್ ಇದೆಯಾ' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರವೇ ಹೆಚ್ಚು.

ತಳ್ಳುಗಾಡಿಯ ಕಾಗದ

ಬೀದಿಬದಿ ವ್ಯಾಪಾರಿಯ ಹಕ್ಕು ನಿಂತಿರುವುದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಮೇಲೆ. ಅದರ ಪ್ರಕಾರ ಪ್ರತಿ 5 ವರ್ಷಕ್ಕೆ ಒಮ್ಮೆಯಾದರೂ ಊರಿನ ಎಲ್ಲ ಬೀದಿಬದಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆಯಲ್ಲಿ ಸಿಕ್ಕವರಿಗೆ, ಊರಿನ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ, ವ್ಯಾಪಾರ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಕೊಡಬೇಕು. 30,000 ಜನರಿರುವ ಊರಾದರೆ ಅದು 750 ಮಂದಿ. ಇದನ್ನೆಲ್ಲ ನೋಡಿಕೊಳ್ಳಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಮುಖ್ಯಾಧಿಕಾರಿ ಅದರ ಅಧ್ಯಕ್ಷರು. ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಆಯ್ಕೆಯಾಗಿ ಬಂದಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು.

ಸಮೀಕ್ಷೆ ಎಂದರೆ ನಡೆಯುವುದು ಇಷ್ಟು. ಒಂದು ಬೆಳಿಗ್ಗೆ ಇಬ್ಬರು ಮೊಬೈಲ್ ಹಿಡಿದು ಬಸ್ ನಿಲ್ದಾಣದ ಎದುರಿಗೆ ಬರುತ್ತಾರೆ. ಗಾಡಿಯ ಪಕ್ಕ ವ್ಯಾಪಾರಿಯನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಜಾಗ ಗುರುತು ಮಾಡುತ್ತಾರೆ, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಏನು ಮಾರುತ್ತೀರಿ, ಎಷ್ಟು ವರ್ಷದಿಂದ ಎಂದು ಬರೆದುಕೊಳ್ಳುತ್ತಾರೆ. ಐದು ನಿಮಿಷದ ಕೆಲಸ. ಸಂಜೆ ಮಾತ್ರ ಬೋಂಡಾ ಗಾಡಿ ಹಾಕುವವರು, ವಾರಕ್ಕೊಮ್ಮೆ ಸಂತೆಗೆ ಬರುವವರು, ತಲೆ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೂವು ಮಾರುವ ಹೆಣ್ಣುಮಕ್ಕಳು ಆ ಐದು ನಿಮಿಷ ಅಲ್ಲಿರುವುದಿಲ್ಲ. ಕಾಯ್ದೆಯಲ್ಲಿ ಅಲೆದು ಮಾರುವವರೂ ಬೀದಿಬದಿ ವ್ಯಾಪಾರಿಗಳೇ, ಆದರೂ ಪಟ್ಟಿಯಿಂದ ಹೆಚ್ಚು ಬಿಟ್ಟುಹೋಗುವವರು ಅವರೇ. ಗಾಡಿಯ ಬಳಿ ಆ ಹೊತ್ತಿಗೆ ಮಗ ನಿಂತಿದ್ದರೆ ಮಗನ ಹೆಸರು ದಾಖಲಾಗುತ್ತದೆ. ಇಪ್ಪತ್ತು ವರ್ಷ ಆ ಗಾಡಿ ತಳ್ಳಿದ ತಾಯಿ ಕಾಗದದಲ್ಲಿ ಇರುವುದೇ ಇಲ್ಲ.

ಹೀಗೆ ತಪ್ಪಿಹೋದವರಿಗೆ ದಾರಿ ಮುಚ್ಚಿಲ್ಲ. ಎರಡು ಸಮೀಕ್ಷೆಗಳ ನಡುವಿನ ಅವಧಿಯಲ್ಲೂ ಪ್ರಮಾಣಪತ್ರಕ್ಕೆ ಅರ್ಜಿ ಕೊಡಬಹುದು. ಸಾಲದ ಯೋಜನೆಗೆ ಮಾತ್ರ ಬೇಕಿದ್ದರೆ ಪುರಸಭೆಯಿಂದ ಶಿಫಾರಸು ಪತ್ರ ಕೇಳಬಹುದು. ವ್ಯಾಪಾರ ಮಾಡುತ್ತಿದ್ದೀರಿ ಎನ್ನಲು ಹಳೆಯ ಸುಂಕದ ಚೀಟಿ, ವ್ಯಾಪಾರಿಗಳ ಸಂಘದ ಸದಸ್ಯತ್ವ, ಗಾಡಿಯ ಹಳೆಯ ಫೋಟೊ ನೆರವಾಗುತ್ತವೆ. ಒಂದು ಮಾತು ನೆನಪಿರಲಿ, ಸಂತೆಯಲ್ಲಿ ಗುತ್ತಿಗೆದಾರ ಹರಿದು ಕೊಡುವ ಸುಂಕದ ಚೀಟಿ ಪ್ರಮಾಣಪತ್ರ ಅಲ್ಲ. ಅದು ಆ ದಿನ ನೆಲಬಾಡಿಗೆ ಕಟ್ಟಿದ್ದಕ್ಕೆ ರಸೀದಿ, ಅಷ್ಟೇ. ಆದರೆ ಸಾಕ್ಷಿಯಾಗಿ ಅದಕ್ಕೆ ಬೆಲೆಯಿದೆ, ತಿಂಗಳಿಗೊಂದಾದರೂ ತೆಗೆದಿಟ್ಟುಕೊಳ್ಳಿ.

ಪ್ರಮಾಣಪತ್ರ ಸಿಕ್ಕಿದರೆ ಏನು ಲಾಭ? ಮೊದಲನೆಯದು ಸಾಲ. 2020ರ ಜೂನ್ 1ರಂದು ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಅಡಮಾನವಿಲ್ಲದೆ ಮೂರು ಹಂತದಲ್ಲಿ ದುಡಿಮೆ ಬಂಡವಾಳ ಸಿಗುತ್ತದೆ. ಮೊದಲು ₹10,000, ₹20,000, ₹50,000 ಇದ್ದ ಹಂತಗಳನ್ನು 2025ರಲ್ಲಿ ₹15,000, ₹25,000, ₹50,000 ಎಂದು ಬದಲಿಸಿ, ಸಾಲ ನೀಡುವ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿದರು. ಕಂತು ಸರಿಯಾಗಿ ಕಟ್ಟಿದವರಿಗೆ ಶೇ 7ರ ಬಡ್ಡಿ ಸಹಾಯಧನ ಖಾತೆಗೇ ಬರುತ್ತದೆ. ಸಾಲ ಕೊಡುವುದು ಬ್ಯಾಂಕ್. ಪುರಸಭೆ ಮಾಡುವುದು ಇವರು ವ್ಯಾಪಾರಿ ಹೌದು ಎಂದು ಹೇಳುವ ಕೆಲಸ ಮಾತ್ರ. ಹಳೆಯ ಯಾವುದಾದರೂ ಸಾಲ ಸುಸ್ತಿಯಾಗಿದ್ದರೆ ಬ್ಯಾಂಕ್ ತಳ್ಳಿಹಾಕಬಹುದು, ಅದನ್ನು ಮುಖ್ಯಾಧಿಕಾರಿ ಸರಿಪಡಿಸಲಾರರು.

ಎರಡನೆಯದು ರಕ್ಷಣೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡಬಾರದು ಎನ್ನುತ್ತದೆ ಕಾಯ್ದೆ. ಸ್ಥಳಾಂತರ ಮಾಡಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಸಹಿ ಮಾಡಿದ ಪಟ್ಟಿ ಕೊಡಬೇಕು. ಕೊಳೆಯುವ ಮಾಲನ್ನು, ಅಂದರೆ ಹಣ್ಣು ತರಕಾರಿಯನ್ನು, ವ್ಯಾಪಾರಿ ಕೇಳಿದ ದಿನವೇ, ಬೇರೆ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಗಾಡಿ ಎತ್ತಿಕೊಂಡು ಹೋದಾಗ ಜನ ದಂಡದ ಮೊತ್ತ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಆ ಪಟ್ಟಿ. ಪಟ್ಟಿ ಇಲ್ಲದಿದ್ದರೆ ನಾಲ್ಕು ಬುಟ್ಟಿ ಟೊಮೆಟೊ ಇತ್ತೆಂದು ಹೇಳಲು ಯಾವ ಆಧಾರವೂ ಉಳಿಯುವುದಿಲ್ಲ.

ಪ್ರಮಾಣಪತ್ರವನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ, ಮಾರುವಂತಿಲ್ಲ. ವ್ಯಾಪಾರಿ ತೀರಿಕೊಂಡರೆ ಅಥವಾ ಶಾಶ್ವತವಾಗಿ ಕೆಲಸ ಮಾಡಲಾಗದಂತಾದರೆ ಅವಧಿ ಮುಗಿಯುವವರೆಗೆ ಗಂಡ ಅಥವಾ ಹೆಂಡತಿ, ಇಲ್ಲವೇ ಅವಲಂಬಿತ ಮಗ ಅಥವಾ ಮಗಳು ಮುಂದುವರಿಸಬಹುದು.

ಅಂಗಡಿ ಪರವಾನಗಿ

ಖಾಯಂ ಮಳಿಗೆಯಲ್ಲಿ ನಡೆಯುವ ಕಿರಾಣಿ, ಹೋಟೆಲು, ಕ್ಷೌರದಂಗಡಿ, ಗಿರಣಿಗಳಿಗೆ ಉದ್ದಿಮೆ ಪರವಾನಗಿ ಬೇಕು. ಜನರ ಬಾಯಲ್ಲಿ ಟ್ರೇಡ್ ಲೈಸೆನ್ಸ್. ಅರ್ಜಿ, ಗುರುತಿನ ದಾಖಲೆ, ಕಟ್ಟಡದ ಆಸ್ತಿ ತೆರಿಗೆ ರಸೀದಿ, ಬಾಡಿಗೆಯಾದರೆ ಕರಾರು ಪತ್ರ ಕೊಡಬೇಕು. ಆರೋಗ್ಯ ನಿರೀಕ್ಷಕರು ಸ್ಥಳ ನೋಡಿ ಷರಾ ಬರೆಯುತ್ತಾರೆ. ಪರವಾನಗಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ನವೀಕರಣಕ್ಕೆ ಫೆಬ್ರುವರಿಯಲ್ಲೇ ಹೋಗುವುದು ಒಳ್ಳೆಯದು.

ಬಾಡಿಗೆದಾರರಿಗೆ ಇಲ್ಲಿ ಒಂದು ಗಂಟು ಇದೆ. ಮಾಲೀಕರು ಆಸ್ತಿ ತೆರಿಗೆ ಬಾಕಿ ಉಳಿಸಿಕೊಂಡಿದ್ದರೆ ಬಾಡಿಗೆದಾರರ ಪರವಾನಗಿ ನಿಲ್ಲುತ್ತದೆ. ಕಷ್ಟದ ವರ್ಷದಲ್ಲಿ ತೆರಿಗೆ ಬಾಕಿಯೇ ಹೆಚ್ಚು, ಹೀಗಾಗಿ ಪರವಾನಗಿ ಇಲ್ಲದ ಅಂಗಡಿಗಳೂ ಆಗಲೇ ಹೆಚ್ಚುತ್ತವೆ. ಅಂಗಡಿ ಹೆಸರಲ್ಲಿ ಚಾಲ್ತಿ ಖಾತೆ ತೆರೆಯಲು, ಮುದ್ರಾ ಸಾಲಕ್ಕೆ ಬ್ಯಾಂಕು ಕೇಳುವುದು ಇದೇ ಪರವಾನಗಿಯನ್ನು. ತೆರಿಗೆಯನ್ನು ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಆ ಗಡುವನ್ನು ಮುಂದೂಡುವುದು, ದಂಡ ಮನ್ನಾ ಮಾಡುವುದು ರಾಜ್ಯ ಸರ್ಕಾರದ ಆದೇಶದಿಂದ ಆಗಬೇಕು. ಪುರಸಭೆಯ ಸಭೆ ತಾನೇ ತೀರ್ಮಾನಿಸಲು ಬರುವುದಿಲ್ಲ.

ಖಾತೆ, ಮತ್ತು ಕುಸಿದ ಗೋಡೆ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಗೋಕಾಕದೊಳಗೆ, ಮಲಪ್ರಭಾ ರಾಮದುರ್ಗದೊಳಗೆ ನುಗ್ಗಿದಾಗ ನೀರಿನಲ್ಲಿ ಮುಳುಗಿದ್ದು ಹಳೆಯ ಪೇಟೆ, ಮಣ್ಣಿನ ಗೋಡೆಯ ಮನೆಗಳ ಓಣಿಗಳು. ಆ ವರ್ಷ ರಾಜ್ಯ ಸರ್ಕಾರ ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣದ ನೆರವಾಗಿ ₹10,000, ಪೂರ್ತಿ ಬಿದ್ದ ಮನೆಗೆ ₹5 ಲಕ್ಷ ಎಂದು ಗೊತ್ತುಮಾಡಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಎ, ಶೇ 25ರಿಂದ 75 ಆದರೆ ಬಿ, ಶೇ 15ರಿಂದ 25 ಆದರೆ ಸಿ. ಸಿ ವರ್ಗಕ್ಕೆ ಸಿಕ್ಕಿದ್ದು ₹50,000. ಅಂದರೆ ಒಬ್ಬ ಎಂಜಿನಿಯರ್ ಗೋಡೆ ನೋಡಿ ಬರೆಯುವ ಶೇಕಡಾವಾರು ಒಂದು ಮನೆಯವರ ಭವಿಷ್ಯವನ್ನು ತೀರ್ಮಾನಿಸುತ್ತದೆ.

ಈ ಮೊತ್ತಗಳು ಆಯಾ ವರ್ಷದ ಸರ್ಕಾರಿ ಆದೇಶದಂತೆ ಬದಲಾಗುತ್ತವೆ. ತಳಹದಿಯಲ್ಲಿ ಇರುವುದು ವಿಪತ್ತು ಪರಿಹಾರ ನಿಧಿಯ ರಾಷ್ಟ್ರೀಯ ಮಾನದಂಡ. 2022ರಿಂದ 2026ರ ಅವಧಿಗೆ ಅದು ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ₹1.20 ಲಕ್ಷ, ಶೇ 15ಕ್ಕಿಂತ ಹೆಚ್ಚು ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000 ಎಂದು ಹೇಳುತ್ತದೆ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸಿದರೆ ಮೊತ್ತ ಏರುತ್ತದೆ. ಅದೇ ಮಾನದಂಡದಲ್ಲಿ ಇನ್ನೊಂದು ಸಾಲಿದೆ: ಹಾನಿಯಾದ ಮನೆ ಅಧಿಕೃತ ಕಟ್ಟಡ ಎಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಿರಬೇಕು. ಪುರಸಭೆಯ ಖಾತೆ ಪುಸ್ತಕ ಚಿತ್ರದೊಳಗೆ ಬರುವುದು ಇಲ್ಲಿ.

ಖಾತೆ ಎಂದರೇನು? ಅನೇಕರು ಅದನ್ನು ಮಾಲೀಕತ್ವದ ಪತ್ರ ಎಂದುಕೊಳ್ಳುತ್ತಾರೆ. ಈ ಆಸ್ತಿಯ ತೆರಿಗೆಯನ್ನು ಯಾರ ಹೆಸರಲ್ಲಿ ಕಟ್ಟಿಸಿಕೊಳ್ಳಬೇಕು ಎಂದು ಪುರಸಭೆ ಇಟ್ಟುಕೊಂಡ ದಾಖಲೆ ಅದು. ಮಾಲೀಕತ್ವ ಹೇಳುವುದು ಕ್ರಯಪತ್ರ, ವಿಭಾಗಪತ್ರ, ಹಕ್ಕುಪತ್ರಗಳು. ಆದರೆ ಸಮೀಕ್ಷೆಗೆ ಬಂದವರು ಕೈಗೆತ್ತಿಕೊಳ್ಳುವುದು ಖಾತೆಯನ್ನೇ. ಈಗ ಅದು ಗಣಕೀಕೃತ ಇ-ಖಾತೆ. ನಗರ ಪ್ರದೇಶದ ಆಸ್ತಿ ನೋಂದಣಿಗೂ ಅದು ಬೇಕೇ ಬೇಕು.

ಸಣ್ಣ ಊರಿನ ಹಳೆಯ ಓಣಿಗಳಲ್ಲಿ ಖಾತೆ ಸಾಮಾನ್ಯವಾಗಿ ಅಜ್ಜನ ಹೆಸರಿನಲ್ಲೇ ನಿಂತಿರುತ್ತದೆ. ಅಜ್ಜ ತೀರಿಕೊಂಡು ವರ್ಷಗಳಾಗಿರುತ್ತವೆ, ತೆರಿಗೆ ಅವರ ಹೆಸರಲ್ಲೇ ನಡೆಯುತ್ತಿರುತ್ತದೆ, ಮನೆಯನ್ನು ನಡುಗೋಡೆ ಹಾಕಿ ಮೂವರು ಅಣ್ಣತಮ್ಮಂದಿರು ಹಂಚಿಕೊಂಡಿರುತ್ತಾರೆ. ಮಳೆಗೆ ನಡುವಿನವರ ಪಾಲು ಬೀಳುತ್ತದೆ. ಕಾಗದದಲ್ಲಿ ಅದು ಒಂದೇ ಮನೆ, ಮೂರರಲ್ಲಿ ಒಂದು ಪಾಲು ಬಿದ್ದಿದೆ. ಹಾನಿ ಶೇ 33, ಅಂದರೆ ಬಿ ವರ್ಗ. ನಡುವಿನವರ ಮಟ್ಟಿಗೆ ಹಾನಿ ನೂರಕ್ಕೆ ನೂರು. ಸಾಲದ್ದಕ್ಕೆ ಹಣ ಯಾರ ಹೆಸರಿಗೆ ಬರಬೇಕು ಎಂಬ ಪ್ರಶ್ನೆ. ಖಾತೆದಾರ ಬದುಕಿಲ್ಲ, ಉಳಿದವರ ಒಪ್ಪಿಗೆ ಬೇಕು, ಒಬ್ಬರು ಗೋವಾದಲ್ಲೋ ಪುಣೆಯಲ್ಲೋ ಇರುತ್ತಾರೆ. ಗಡುವು ಮುಗಿಯುತ್ತದೆ.

ಇದಕ್ಕೆ ಪರಿಹಾರ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಇತರ ವಾರಸುದಾರರ ಒಪ್ಪಿಗೆ ಪತ್ರ, ಚಾಲ್ತಿ ವರ್ಷದ ತೆರಿಗೆ ರಸೀದಿ ಸೇರಿಸಿ ಕಂದಾಯ ಶಾಖೆಗೆ ಕೊಡಬೇಕು. ಮನೆಯಲ್ಲಿ ಪಾಲಾಗಿದ್ದರೆ ನೋಂದಾಯಿತ ವಿಭಾಗಪತ್ರ ಮಾಡಿಸಿ ಬೇರೆ ಬೇರೆ ಖಾತೆ ಮಾಡಿಸಿಕೊಳ್ಳಬೇಕು. ಇದನ್ನು ಬೇಸಿಗೆಯಲ್ಲೇ ಮಾಡಿ. ಮಳೆ ಶುರುವಾದ ಮೇಲೆ ಇಡೀ ಕಚೇರಿ ನೆರೆ ಕೆಲಸದಲ್ಲಿ ಮುಳುಗಿರುತ್ತದೆ.

ಗೋಡೆ ಬಿದ್ದೇಬಿಟ್ಟರೆ ಮಾಡಬೇಕಾದ್ದು ಇಷ್ಟು: ಮಣ್ಣು ತೆಗೆಯುವ ಮೊದಲು ಒಳಗಿನಿಂದ, ಹೊರಗಿನಿಂದ, ನಾಲ್ಕೂ ಮೂಲೆಯಿಂದ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಾದರೂ ಪಕ್ಕದ ಮನೆ ಅಥವಾ ವಿದ್ಯುತ್ ಕಂಬ ಕಾಣಲಿ, ಜಾಗ ಗುರುತು ಸಿಗುತ್ತದೆ. ಅದೇ ದಿನ ಪುರಸಭೆಗೂ ತಹಶೀಲ್ದಾರ್ ಕಚೇರಿಗೂ ಬರೆದು ಕೊಟ್ಟು ಎರಡೂ ಕಡೆ ಮುದ್ರೆ ಹಾಕಿದ ಪ್ರತಿ ಇಟ್ಟುಕೊಳ್ಳಿ. ಜಂಟಿ ಸಮೀಕ್ಷೆಗೆ ಕಂದಾಯ ಇಲಾಖೆಯವರು ಮತ್ತು ಎಂಜಿನಿಯರ್ ಬಂದಾಗ ಶೇಕಡಾ ಎಷ್ಟು ಬರೆದರು ಎಂದು ಅಲ್ಲೇ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ಪಟ್ಟಿ ಅಂತಿಮವಾಗುವ ಮೊದಲೇ ಮರುಸಮೀಕ್ಷೆಗೆ ಅರ್ಜಿ ಕೊಡಿ. ಮನೆ ಕಟ್ಟುವ ಹಣ ಒಟ್ಟಿಗೆ ಬರುವುದಿಲ್ಲ. ಮೊದಲ ಕಂತಿನ ನಂತರ ತಳಪಾಯ, ಗೋಡೆ, ಚಾವಣಿ ಎಂದು ಒಂದೊಂದು ಹಂತದ ಫೋಟೊ ತಂತ್ರಾಂಶಕ್ಕೆ ಏರಿದ ಮೇಲೆ ಮುಂದಿನ ಕಂತು. ಮೊದಲ ಕಂತನ್ನು ಮನೆಯ ಸಾಲ ತೀರಿಸಲು ಬಳಸಿದವರ ಮನೆಗಳು ತಳಪಾಯದಲ್ಲೇ ನಿಂತುಬಿಡುತ್ತವೆ. ಹಸಿವಿನ ಹೊತ್ತಿನಲ್ಲಿ ಅವರನ್ನು ದೂರುವುದು ನ್ಯಾಯವಲ್ಲ, ಆದರೆ ತಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ.

ಕಟ್ಟಡ ಪರವಾನಗಿಯಿಂದ ಗಾರೆ ಕೆಲಸದವರ ಖಾತೆಗೆ

ಮನೆ ಕಟ್ಟುವ ಪರವಾನಗಿ ಕೊಡುವಾಗ ಪುರಸಭೆ ಪಡೆಯುವ ಶುಲ್ಕಗಳಲ್ಲಿ 'ಕಾರ್ಮಿಕ ಸೆಸ್' ಎಂಬುದೊಂದಿದೆ. ಕಟ್ಟಡದ ಅಂದಾಜು ವೆಚ್ಚದ ಶೇ 1. ಸ್ವಂತಕ್ಕೆ ಕಟ್ಟಿಕೊಳ್ಳುವ ಸಣ್ಣ ಮನೆಗಳಿಗೆ ವಿನಾಯಿತಿ ಇದೆ. ಈ ಹಣ ಪುರಸಭೆಯದಲ್ಲ, ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಲಾಕ್‌ಡೌನ್‌ನಲ್ಲಿ ಕಾರ್ಮಿಕರಿಗೆ ಕೊಟ್ಟ ₹3,000ದ ಹಿಂದೆ ಇದ್ದದ್ದು ಇಂಥ ನಿಧಿ. ಊರಿನ ಮದುವೆ ಮಂಟಪ, ವ್ಯಾಪಾರಿ ಸಂಕೀರ್ಣ ಕಟ್ಟುವಾಗ ಪರವಾನಗಿ ಪಡೆಯದೆ ಕಟ್ಟಿದರೆ ಸೆಸ್ ಕೂಡ ತಪ್ಪಿಹೋಗುತ್ತದೆ. ಗಾರೆಯವರ, ಬಾರ್ ಬೆಂಡಿಂಗ್‌ನವರ, ಬಣ್ಣ ಹೊಡೆಯುವವರ ಪಾಲು ಅಷ್ಟರಮಟ್ಟಿಗೆ ಖೋತಾ.

ಕಾರ್ಮಿಕರು ಇದರ ಫಲ ಪಡೆಯಬೇಕಾದರೆ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವರಿಗೆ ಈ 90 ದಿನದ ಚೀಟಿಯೇ ಕಷ್ಟ. ಮೇಸ್ತ್ರಿಯಿಂದ ಕೆಲಸ ಮುಗಿದಾಗಲೇ ಬರೆಸಿಕೊಳ್ಳದಿದ್ದರೆ ಆಮೇಲೆ ಅವರು ಎಲ್ಲಿರುತ್ತಾರೋ. ಕಟ್ಟಡ ಕೆಲಸವನ್ನೇ ಮಾಡದವರು ಕಾರ್ಡ್ ಮಾಡಿಸಿಕೊಂಡ ದೂರುಗಳಿಂದ ಈಗ ಪರಿಶೀಲನೆಯೂ ಬಿಗಿಯಾಗಿದೆ. ಆ ಬಿಗಿಗೆ ಮೊದಲು ಸಿಕ್ಕಿಬೀಳುವುದು ದಾಖಲೆ ಇಲ್ಲದ ನಿಜವಾದ ಕೂಲಿಗಳೇ.

21 ದಿನಗಳ ಕಾಗದ

ಮನೆಯಲ್ಲಿ ಸಾವಾದಾಗ ಕಾಗದಪತ್ರದ ಕಡೆ ಮನಸ್ಸು ಹೋಗುವುದಿಲ್ಲ. ಆದರೂ ಮುಂದಿನ ನೆರವೆಲ್ಲ ನಿಂತಿರುವುದು ಮರಣ ನೋಂದಣಿಯ ಮೇಲೆ. ವಿಧವಾ ವೇತನ, ಬಿಪಿಎಲ್ ಮನೆಯ ದುಡಿಯುವವರು 18ರಿಂದ 59ರ ವಯಸ್ಸಿನಲ್ಲಿ ತೀರಿಕೊಂಡರೆ ಸಿಗುವ ₹20,000ದ ರಾಷ್ಟ್ರೀಯ ಕುಟುಂಬ ಸಹಾಯ, ಪೌತಿ ಖಾತೆ, ವಿಮೆ, ಎಲ್ಲಕ್ಕೂ ಅದೇ ಬೇಕು. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ₹50,000 ಕೊಟ್ಟಾಗಲೂ ಮೊದಲು ಕೇಳಿದ್ದು ಮರಣ ಪ್ರಮಾಣಪತ್ರವನ್ನೇ.

ಸಾವಾದ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. 30 ದಿನದವರೆಗೆ ತಡದ ಶುಲ್ಕ, ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ಆಸ್ಪತ್ರೆಯಲ್ಲಾದ ಸಾವನ್ನು ಆಸ್ಪತ್ರೆಯವರು ತಿಳಿಸಬೇಕು. ಮನೆಯಲ್ಲಾದರೆ ಮನೆಯವರೇ ತಿಳಿಸಬೇಕು. ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ. ಸವಣೂರಿನವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ದಾಖಲೆ ಇರುವುದು ಹುಬ್ಬಳ್ಳಿಯಲ್ಲಿ. ಸವಣೂರಿನ ಪುರಸಭೆಗೆ ಎಷ್ಟು ಅಲೆದರೂ ಸಿಗುವುದಿಲ್ಲ.

ಎಡವಟ್ಟು ಆಗುವುದು ಹೆಸರಿನಲ್ಲಿ. ಆಸ್ಪತ್ರೆಗೆ ಸೇರಿಸುವಾಗ ಅವಸರದಲ್ಲಿ 'ಬಸಪ್ಪ' ಎಂದು ಬರೆಸಿರುತ್ತಾರೆ, ಆಧಾರ್‌ನಲ್ಲಿ 'ಬಸವರಾಜ' ಎಂದಿರುತ್ತದೆ, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಸೇರಿರುತ್ತದೆ. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಮುದ್ರಿತ ಪ್ರತಿ ಕೈಗೆ ತೆಗೆದುಕೊಳ್ಳುವ ಮೊದಲು ಹೆಸರು, ತಂದೆಯ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ವಿಳಾಸವನ್ನು ಆಧಾರ್ ಪಕ್ಕದಲ್ಲಿಟ್ಟು ಓದಿ.

ಅರ್ಜಿ ಕೊಟ್ಟ ಮೇಲೆ

ಬಾಯಿಮಾತಿನ ಅರ್ಜಿಗೆ ಲೆಕ್ಕವಿಲ್ಲ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಎನ್ನುವ ಸಕಾಲ ಕಾಯ್ದೆಯಡಿ ಬರುವ ಸೇವೆಗಳಿಗೆ ಅರ್ಜಿ ಕೊಟ್ಟ ಕೂಡಲೇ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಅದರಲ್ಲಿ ಕೊನೆಯ ದಿನಾಂಕವೂ ಇರುತ್ತದೆ. ತಡವಾದರೆ ದಿನಕ್ಕೆ ₹20ರಂತೆ, ಗರಿಷ್ಠ ₹500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು, ಆದರೆ ಸಂಖ್ಯೆ ಹುಟ್ಟಿದ ಕಡತ ತಪ್ಪಿಸಿಕೊಳ್ಳುವುದು ಕಷ್ಟ.

ಅರ್ಜಿ ಆಗುವುದಿಲ್ಲ ಎಂದರೆ ಕಾರಣ ಬರೆದ ಹಿಂಬರಹ ಕೇಳಿ. ಹಿಂಬರಹ ಎಂದರೆ ಅರ್ಜಿಯನ್ನು ಏಕೆ ಒಪ್ಪಲಿಲ್ಲ ಎಂದು ಕಚೇರಿ ಸಹಿ ಹಾಕಿ ಕೊಡುವ ಉತ್ತರ. ಮೇಲ್ಮನವಿಗೆ ಹೋಗಬೇಕಾದರೆ ಅದೇ ಮೊದಲ ದಾಖಲೆ. ಫಲಾನುಭವಿಗಳ ಪಟ್ಟಿ, ಕ್ರಿಯಾ ಯೋಜನೆ, ಸಮೀಕ್ಷಾ ವರದಿ ನೋಡಬೇಕೆಂದರೆ ₹10 ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು; 30 ದಿನದಲ್ಲಿ ಉತ್ತರ ಬರಬೇಕು, ಬಿಪಿಎಲ್ ಕುಟುಂಬಕ್ಕೆ ಅರ್ಜಿ ಶುಲ್ಕವೂ ಇಲ್ಲ.

ಪಟ್ಟಿಯಲ್ಲಿ ಹೆಸರಿದ್ದೂ ದುಡ್ಡು ಬಾರದಿದ್ದರೆ ಬ್ಯಾಂಕಿಗೆ ಹೋಗಿ, ನಿಮ್ಮ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿ. ನೇರ ವರ್ಗಾವಣೆಯ ಹಣ ಬೀಳುವುದು ಕೊನೆಯದಾಗಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಈ ಆಧಾರ್ ಜೋಡಣೆ, ಆದ ಖಾತೆಗೆ. ಅರ್ಜಿಯಲ್ಲಿ ಬರೆದ ಪಾಸ್‌ಬುಕ್ಕಿನಲ್ಲಿ ಹುಡುಕುತ್ತಿರುವ ಹಣ, ಎಂದೋ ಸ್ವಸಹಾಯ ಸಂಘಕ್ಕೆಂದು ತೆರೆಸಿ ಮರೆತ ಇನ್ನೊಂದು ಖಾತೆಯಲ್ಲಿ ಕೂತಿರುವುದು ಅಪರೂಪವೇನಲ್ಲ.